ಮೂವತ್ತೈದರೊಳಗಿನವರಿಗೆ

ಗ್ರಿಸೆಲ್ ತೆಚೇರಾಗೆ ಮೂವತ್ತೈದು ತುಂಬಲು ಇನ್ನು ಮೂರು ತಿಂಗಳು ಹನ್ನೊಂದು ದಿನ ಬಾಕಿಯಿತ್ತು. ಬೇರೆಯವರಿಗಾದರೆ ಇದು ಕೇಕಿನ ಮೇಲೆ ಎಷ್ಟು ಮೇಣದಬತ್ತಿ ಹಚ್ಚಬೇಕೆಂಬ ವಿಚಾರ, ಅಷ್ಟೇ. ಆರ್ಕಿಟೆಕ್ಟ್ ಹೆಂಗಸಿನ ಪಾಡು ಬೇರೆ. ಹೊಸಬರಿಗೆಂದು ನಡೆಸುವ ವಿನ್ಯಾಸ ಸ್ಪರ್ಧೆಗಳ ಬಾಗಿಲು ಮೂವತ್ತೈದಕ್ಕೆ ಮುಚ್ಚಿಹೋಗುತ್ತದೆ. ಆಮೇಲೆ ಇಪ್ಪತ್ತು ಜನರನ್ನು ಇಟ್ಟುಕೊಂಡು ನಕ್ಷೆ ಬರೆಸುವ ದೊಡ್ಡ ಕಚೇರಿಗಳ ಜೊತೆ ಗುದ್ದಾಡಬೇಕು, ಇಲ್ಲವೇ ಅಂಥದೇ ಒಂದು ಕಚೇರಿಯ ಮೂಲೆಯ ಮೇಜಿನಲ್ಲಿ ಕೂತು ಮುದುಕಿಯಾಗಬೇಕು.

ಮೂಲೆಯ ಮೇಜಿನಲ್ಲಿ ಗ್ರಿಸೆಲ್ ಆಗಲೇ ಎಂಟು ವರ್ಷ ಕೂತಿದ್ದಳು. ರಾಜಧಾನಿ ಮೊಂತೆವಿದೆಯೋದ ಇರಿಗಾರಾಯ್ ಕಚೇರಿ ಅದು. ಅಜ್ಜ ಕಟ್ಟಿದ್ದು, ಈಗ ಮೊಮ್ಮಗ ದಾನಿಲೋ ನಡೆಸುತ್ತಿದ್ದ. ಕಡಲದಂಡೆಯ ಶಾಲೆ, ಉತ್ತರದ ಊರೊಂದರ ಬಸ್ ನಿಲ್ದಾಣ, ಎರಡು ಆಸ್ಪತ್ರೆ, ಎಲ್ಲವೂ ಅವಳ ತಲೆಯಿಂದ ಬಂದದ್ದು. ನಮ್ಮಲ್ಲಿ ಕಟ್ಟಡದ ಬಾಗಿಲ ಪಕ್ಕ ಕಣ್ಣಿನ ಎತ್ತರಕ್ಕೆ ಆರ್ಕಿಟೆಕ್ಟನ ಹೆಸರನ್ನು ಕಲ್ಲಿನಲ್ಲಿ ಕೊರೆಯುತ್ತಾರೆ. ಆ ನಾಲ್ಕೂ ಕಲ್ಲಿನ ಮೇಲೆ ಇರಿಗಾರಾಯ್ ಎಂದಿದೆ. ಹಾಗೆ ಕೊರೆಸಿಕೊಂಡವನಿಗೆ ಒಂದು ದಿನವಾದರೂ ನಿದ್ದೆ ಕೆಟ್ಟದ್ದನ್ನು ನಾನಂತೂ ಕೇಳಿಲ್ಲ.

"ಎಂಟು ವರ್ಷ ಅವರ ಮನೆ ಮಗು ಆಡಿಸಿದ್ದಾಯ್ತು. ನಿಂದು ಅಂತ ಒಂದು ಹೆರೋದು ಯಾವಾಗ್ಲೇ?" ಎಂದು ನೆಲ್ಬಾ ಚಿಕ್ಕಮ್ಮ ವಾರಕ್ಕೊಮ್ಮೆಯಾದರೂ ಚುಚ್ಚುತ್ತಿದ್ದಳು. ತಾಯಿ ತೀರಿಕೊಂಡ ಮೇಲೆ ಗ್ರಿಸೆಲ್ ಇದ್ದದ್ದು ಈ ಚಿಕ್ಕಮ್ಮನ ಜೊತೆಗೆ. ಮೂವತ್ತು ವರ್ಷ ಬೇರೆಯವರ ಬಟ್ಟೆ ಹೊಲಿದವಳು ಅವಳು. ನಾಲಿಗೆಯೂ ಸೂಜಿಯ ಹಾಗೇ ಇತ್ತು.

ಹೀಗಿರುವಾಗ ಪುವೆರ್ತೋ ಸೌಸೆಸ್ ಎಂಬ ನದೀತೀರದ ಊರಿನ ಪುರಸಭೆ ಒಂದು ಸ್ಪರ್ಧೆ ಸಾರಿತು. ಊರಿನ ಹಳೆಯ ಸಾರ್ವಜನಿಕ ಬಟ್ಟೆ ಒಗೆಯುವ ಮನೆಯನ್ನು ಗ್ರಂಥಾಲಯ ಮಾಡಬೇಕು. ಸ್ಪರ್ಧೆ ಮೂವತ್ತೈದು ತುಂಬದ ಹೆಣ್ಣುಮಕ್ಕಳಿಗೆ ಮಾತ್ರ. ಗೆದ್ದವಳಿಗೇ ಕಟ್ಟಿಸುವ ಕೆಲಸ, ಕಲ್ಲಿನ ಮೇಲೆ ಅವಳದೇ ಹೆಸರು. ನಕ್ಷೆ ಸಲ್ಲಿಸಲು ಕೊನೆಯ ದಿನ ಆಗಸ್ಟ್ ಹತ್ತು. ಗ್ರಿಸೆಲ್ ಹುಟ್ಟಿದ್ದು ಆಗಸ್ಟ್ ಹದಿನಾಲ್ಕು. ನಾಲ್ಕೇ ದಿನದಲ್ಲಿ ಪಾರು.

ಸ್ಪರ್ಧೆಗಳಲ್ಲಿ ಅವಳಿಗಿದ್ದ ನಂಬಿಕೆಗೆ ಒಂದು ಕಾರಣವಿತ್ತು. ಅಲ್ಲಿ ಮುಖ ನೋಡಿ ಮಣೆ ಹಾಕುವುದಿಲ್ಲ. ಹಾಳೆಯ ಮೇಲೆ ಹೆಸರಿರುವುದಿಲ್ಲ, ಒಂದು ಗುರುತಿನ ಸಂಖ್ಯೆ ಮಾತ್ರ. ಹೆಸರನ್ನು ಬೇರೆ ಲಕೋಟೆಯಲ್ಲಿ ಹಾಕಿ ಸೀಲು ಮಾಡಿ ಕೊಡಬೇಕು. ತೀರ್ಪುಗಾರರು ಸಂಖ್ಯೆಯನ್ನು ಆರಿಸುತ್ತಾರೆ. ಆಮೇಲೆ ಎಲ್ಲರ ಎದುರು ನೋಟರಿ ಲಕೋಟೆ ಒಡೆಯುತ್ತಾಳೆ. ಬರೆದವಳು ಯಾರ ಮಗಳು, ಯಾರ ಹೆಂಡತಿ, ಹೇಗಿದ್ದಾಳೆ, ಯಾವುದೂ ಅಲ್ಲಿಯವರೆಗೆ ಯಾರಿಗೂ ಗೊತ್ತಿರುವುದಿಲ್ಲ.

ಸ್ಪರ್ಧಿಗಳೆಲ್ಲ ಜಾಗ ನೋಡಲೇಬೇಕೆಂಬ ನಿಯಮವಿತ್ತು. ಮೇ ತಿಂಗಳ ಒಂದು ಶನಿವಾರ ಗ್ರಿಸೆಲ್ ಬಸ್ಸು ಹಿಡಿದು ಹೋದಳು. ಉದ್ದನೆಯ ಕಟ್ಟಡ, ಎತ್ತರದ ಕಿಟಕಿಗಳು, ನಡುವೆ ಸಾಲಾಗಿ ಆರು ಸಿಮೆಂಟಿನ ತೊಟ್ಟಿಗಳು. ಬಾಗಿಲ ಪಕ್ಕದ ಕಲ್ಲಿನ ಮೇಲೆ 'ಇರಿಗಾರಾಯ್, 1943' ಎಂದಿತ್ತು. ಇಲ್ಲಿಯೂ ಬಿಡಲಿಲ್ಲವಲ್ಲ ಇವರು ಎಂದು ಅವಳಿಗೆ ನಗು ಬಂತು.

ಬೀಗ ತೆಗೆದದ್ದು ಪುರಸಭೆಯ ಕಾವಲಿನ ಹೆಂಗಸು ದೋನ್ಯಾ ಚೋಲಾ. ಎಪ್ಪತ್ತರ ಆಸುಪಾಸು, ಕಂಕುಳಲ್ಲಿ ಫ್ಲಾಸ್ಕು, ಕೈಯಲ್ಲಿ ಮಾಟೆ ಎಲೆಯ ಕಷಾಯ ಹೀರುವ ಸೋರೆ ಬುರುಡೆ. ಅವಳು ಹೊಸ್ತಿಲು ದಾಟಿ ಒಳಗೆ ಬರಲಿಲ್ಲ.

"ನೀರು ನಿಲ್ಲಿಸಿ ಎಷ್ಟು ವರ್ಷ ಆಯ್ತು, ದೋನ್ಯಾ?"

"ಮೂವತ್ತೊಂದು. ಕೊಳಾಯಿ ಪೈಪೆಲ್ಲ ಕಿತ್ತು ಮಾರ್ಕೊಂಡಿದ್ದಾರೆ, ಕಳ್ಳನ್ಮಕ್ಕಳು."

ಗ್ರಿಸೆಲ್ ಟೇಪು ಹಿಡಿದು ಅಳೆಯುತ್ತ ಹೋದಳು. ಮೊದಲ ತೊಟ್ಟಿಯಲ್ಲಿ ಧೂಳು, ಪಾರಿವಾಳದ ಹಿಕ್ಕೆ. ಎರಡನೆಯದರಲ್ಲೂ ಅದೇ. ಮೂರನೆಯದರ ಅಂಚಿಗೆ ಕೈಯಿಟ್ಟಾಗ ಕೈ ಒದ್ದೆಯಾಯಿತು. ಒಳಗೆ ನೀರಿರಲಿಲ್ಲ. ಆದರೆ ಈಗಷ್ಟೇ ಯಾರೋ ನೀರು ಬಿಟ್ಟು ಖಾಲಿ ಮಾಡಿದಂತೆ ಸಿಮೆಂಟು ಕಪ್ಪಗೆ ನೆನೆದಿತ್ತು. ಸಾಬೂನಿನ ವಾಸನೆಯಿತ್ತು. ತಲೆಯೆತ್ತಿ ನೋಡಿದಳು. ಮಾಡು ಸೋರುತ್ತಿರಲಿಲ್ಲ, ಆ ವಾರ ಮಳೆಯೂ ಬಂದಿರಲಿಲ್ಲ. ಅವಳು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ನಾಲ್ಕನೆಯದಕ್ಕೆ ಹೋದಳು. ಅಳತೆ ತೆಗೆಯುವವರಿಗೆ ಅಳತೆಯೇ ಮುಖ್ಯ.

*

ಯಾವ ಸ್ಪರ್ಧೆಯಲ್ಲೂ ಒಂದು ಪ್ರಶ್ನೋತ್ತರದ ಹಂತ ಇರುತ್ತದೆ. ಸ್ಪರ್ಧಿಗಳು ಹೆಸರು ಹೇಳದೆ ಪ್ರಶ್ನೆ ಕಳಿಸಬೇಕು. ಸ್ಪರ್ಧೆಯ ಸಲಹೆಗಾರ ಉತ್ತರ ಬರೆದು, ಪ್ರಶ್ನೆ ಉತ್ತರ ಎಲ್ಲವನ್ನೂ ಎಲ್ಲರಿಗೂ ಕಳಿಸುತ್ತಾನೆ. ಅವನು ಬರೆದ ಉತ್ತರ ಅಲ್ಲಿಂದ ಮುಂದೆ ನಿಯಮವೇ. ತೀರ್ಪುಗಾರರೂ ಅದನ್ನು ಮೀರುವಂತಿಲ್ಲ. ಈ ಸಲದ ಸಲಹೆಗಾರ ವಿಲ್ಮಾರ್ ಬೆಂತಾಂಕೋರ್. ಗ್ರಿಸೆಲ್‌ಗೆ ಐದು ವರ್ಷ ಪಾಠ ಹೇಳಿದ ಮೇಷ್ಟ್ರು. ಒಳ್ಳೆಯ ಮನುಷ್ಯ, ಆದರೆ ಮನೆಗೆ ಬೆಂಕಿ ಬಿದ್ದಿದೆ ಎಂದು ಬರೆದು ಕೇಳಿದರೂ ನಿಯಮ ಎಷ್ಟನೆಯದೆಂದು ಹುಡುಕಿ ಉತ್ತರಿಸುವ ಪೈಕಿ.

ಮೊದಲ ಪಟ್ಟಿ ಜೂನ್ ಆರಂಭದಲ್ಲಿ ಬಂತು. ವಾಹನ ಎಲ್ಲಿ ನಿಲ್ಲಿಸಬೇಕು, ಮಾಡಿನ ಹಂಚು ಉಳಿಸಬೇಕೇ, ಹಾಳೆ ಎಷ್ಟಿರಬೇಕು, ಮಾಮೂಲಿ ಪ್ರಶ್ನೆಗಳು. ಗ್ರಿಸೆಲ್ ಕಚೇರಿಯಲ್ಲೇ ಕದ್ದು ಓದುತ್ತಿದ್ದವಳು ಹತ್ತೊಂಬತ್ತನೆಯದಕ್ಕೆ ಬಂದು ನಿಂತಳು.

'ಪ್ರಶ್ನೆ 19: ಮೂರನೇ ತೊಟ್ಟಿಯನ್ನು ಮುಚ್ಚಿದರೆ ಅಲ್ಲಿ ಇರುವವಳು ಎಲ್ಲಿಗೆ ಹೋಗಬೇಕು?
ಉತ್ತರ: ಕಟ್ಟಡದಲ್ಲಿ ಯಾರೂ ವಾಸವಿಲ್ಲ. ತೊಟ್ಟಿಗಳ ವಿಚಾರ ಸ್ಪರ್ಧಿಯ ವಿವೇಚನೆಗೆ ಬಿಟ್ಟದ್ದು.'

ಅವಳ ಅಂಗೈಗೆ ಆ ಒದ್ದೆ ಮತ್ತೆ ತಾಗಿದಂತಾಯಿತು. ಹೊರಗೆ ಹೋಗಿ ಬೆಂತಾಂಕೋರ್‌ಗೆ ಫೋನ್ ಮಾಡಿದಳು.

"ಮೇಷ್ಟ್ರೇ, ಹತ್ತೊಂಬತ್ತನೇ ಪ್ರಶ್ನೆ ಯಾರು ಕೇಳಿದ್ದು?"

"ಹುಚ್ಚಿ, ನಂಗೇ ಗೊತ್ತಿಲ್ಲ, ಗೊತ್ತಾಗಲೂಬಾರದು. ನೀನು ಸ್ಪರ್ಧೇಲಿ ಇದ್ದೀಯ ಅಂತಾನೂ ನಾನೀಗ ಕೇಳಿಸ್ಕೊಂಡಿಲ್ಲ. ಫೋನ್ ಇಡು."

"ಇಷ್ಟೇ ಹೇಳಿ. ಅದು ಮೇಲ್‌ನಲ್ಲಿ ಬಂತಾ?"

ಮೇಷ್ಟ್ರು ದನಿ ತಗ್ಗಿಸಿದರು. "ಒಗೆಯೋ ಮನೆ ಬಾಗಿಲಲ್ಲಿ ಒಂದು ಪೆಟ್ಟಿಗೆ ಇಟ್ಟಿದ್ವಿ. ಅದರಲ್ಲಿತ್ತು. ಕಾಗದ ಪೂರ್ತಿ ನೆಂದಿತ್ತು, ಒಣಗಿಸಿ ಓದಿದೆ. ಕೈಬರಹ ಮಾತ್ರ ಆಹಾ! ಈಗಿನ ನಿಮಗ್ಯಾರಿಗೂ ಆ ಅಕ್ಷರ ಬರಲ್ಲ."

ಆ ವಾರವೇ ಗ್ರಿಸೆಲ್ ಹಳೆಯ ನಕ್ಷೆ ಹುಡುಕಿದಳು. ಇರಿಗಾರಾಯ್ ಕಚೇರಿಯ ನೆಲಮಾಳಿಗೆಯಲ್ಲಿ ಅಜ್ಜನ ಕಾಲದ ಕಬ್ಬಿಣದ ಕಪಾಟುಗಳಿದ್ದವು. 1941ರ ಸ್ಪರ್ಧೆಯಲ್ಲಿ ಗೆದ್ದ ಒಗೆಯುವ ಮನೆಯ ಮೂಲ ನಕ್ಷೆ ಅಲ್ಲಿತ್ತು, ಗಂಜಿ ಹಾಕಿದ ತೆಳು ಬಟ್ಟೆಯ ಮೇಲೆ ಮಸಿಯಲ್ಲಿ ಬರೆದದ್ದು. ಇಂಥ ಗೆರೆಯನ್ನು ಅವಳು ಎಲ್ಲೂ ನೋಡಿರಲಿಲ್ಲ. ತೊಟ್ಟಿಯ ನೀರಿನ ಮೇಲೆ ಕಿಟಕಿಯ ಬೆಳಕು ಬೀಳುವುದನ್ನೂ ಬರೆದಿದ್ದರು. ಬಲಗಡೆಯ ಕೆಳಮೂಲೆಯಲ್ಲಿ ಬಟ್ಟೆ ತೆಳುವಾಗಿ ಒರಟಾಗಿತ್ತು. ಯಾರೋ ಬ್ಲೇಡಿನಿಂದ ಮಸಿ ಕೆರೆದಿದ್ದರು. ದೀಪಕ್ಕೆ ಹಿಡಿದಾಗ ಗೀಚಿನ ನಡುವೆ ಅಕ್ಷರ ಕಂಡವು. ಬರೆದವರು: ಎಲಿದಾ ಕಮೇಹೋ.

ಮುಂದಿನ ಶನಿವಾರ ಮತ್ತೊಮ್ಮೆ ಅಳೆಯುವ ನೆವ ಮಾಡಿ ಹೋದಳು. ಜಿಟಿಜಿಟಿ ಮಳೆ. ದೋನ್ಯಾ ಚೋಲಾ ಬಾಗಿಲ ಬಳಿ ತೋರ್ತಾ ಫ್ರೀತಾ ತಿನ್ನುತ್ತ ಕೂತಿದ್ದಳು. ಎಣ್ಣೆಯಲ್ಲಿ ಕರಿದ ಆ ರೊಟ್ಟಿಯಲ್ಲೊಂದನ್ನು ಇವಳ ಕೈಗೂ ಇಟ್ಟಳು. ಎಲಿದಾ ಕಮೇಹೋ ಎಂಬ ಹೆಸರು ಕೇಳಿದ್ದೇ ಅಗಿಯುವುದನ್ನು ನಿಲ್ಲಿಸಿದಳು.

"ನಮ್ಮಮ್ಮ ಇಲ್ಲೇ ಒಗೀತಿದ್ಲು. ಅವಳು ಹೇಳ್ತಿದ್ಲು. ಆ ಹುಡುಗಿ ಮೊಂತೆವಿದೆಯೋದಿಂದ ಒಬ್ಳೇ ಬಂದಿದ್ಲಂತೆ, ಉದ್ಘಾಟನೆಗೆ. ಎಲ್ಲ ತಾನೇ ಬರ್ದಿದ್ದು ಅಂತ. ಕಲ್ಲು ನೋಡಿದ್ಲು. ಯಾರ ಹತ್ರಾನೂ ಜಗಳ ಆಡ್ಲಿಲ್ಲ. ಬೆಳಿಗ್ಗೆ ಹೆಂಗಸ್ರು ಬಟ್ಟೆ ತಂದಾಗ ಮೂರನೇ ತೊಟ್ಟೀಲಿ ಮಲಗಿದ್ಲು."

"ಮುಳುಗಿ?"

"ಮೊಣಕಾಲಿಗೂ ಬರದ ನೀರಲ್ಲಿ ಯಾರು ಮುಳುಗ್ತಾರೆ ತಾಯಿ? ಸಾಬೂನಿಗೆ ಜಾರಿದ್ಲು ಅಂತ ಬರ್ಕೊಂಡ್ರು. ಇಪ್ಪತ್ತೊಂಬತ್ತು ವರ್ಷ." ಅವಳು ಶಿಲುಬೆಯ ಗುರುತು ಮಾಡಿಕೊಂಡಳು. "ಆ ತೊಟ್ಟೀಲಿ ಆಮೇಲೆ ಯಾರೂ ಒಗೀಲಿಲ್ಲ."

ಎರಡನೇ ಪಟ್ಟಿ ಜುಲೈನಲ್ಲಿ ಬಂತು. ಗ್ರಿಸೆಲ್ ಅದನ್ನು ಅಡುಗೆಮನೆಯ ಮೇಜಿನ ಮೇಲೆ, ಹಾಡಹಗಲಲ್ಲಿ, ಚಿಕ್ಕಮ್ಮ ಪಕ್ಕದಲ್ಲಿ ಆಲೂಗಡ್ಡೆ ಸುಲಿಯುತ್ತಿರುವಾಗ ಓದಿದಳು.

'ಪ್ರಶ್ನೆ 8: ಹಿಂದೆ ಇದೇ ಕಟ್ಟಡದ ನಕ್ಷೆ ಬರೆದವಳು ಭಾಗವಹಿಸಬಹುದೇ?
ಉತ್ತರ: ವಯಸ್ಸಿನ ಅರ್ಹತೆ ಇದ್ದರೆ ಯಾರು ಬೇಕಾದರೂ ಭಾಗವಹಿಸಬಹುದು.

ಪ್ರಶ್ನೆ 9: ನನಗೆ ಇಪ್ಪತ್ತೊಂಬತ್ತು. ಬಹಳ ಕಾಲದಿಂದ ಇಪ್ಪತ್ತೊಂಬತ್ತು. ಅಡ್ಡಿಯಿದೆಯೇ?
ಉತ್ತರ: ಸಲ್ಲಿಸುವ ದಿನ ಮೂವತ್ತೈದು ತುಂಬಿರಬಾರದು. ಬೇರೆ ಅಡ್ಡಿಯಿಲ್ಲ.

ಪ್ರಶ್ನೆ 10: ಲಕೋಟೆಯಲ್ಲಿ ಈ ಸಲ ನನ್ನ ಹೆಸರನ್ನೇ ಹಾಕಬಹುದೇ?
ಉತ್ತರ: ಹಾಕಲೇಬೇಕು.

ಪ್ರಶ್ನೆ 11: ಗೆದ್ದರೆ ಕಟ್ಟಿಸಲು ನಾನು ಬರಲಾರೆ. ನನ್ನ ಬದಲು ಒಬ್ಬಳನ್ನು ಕಳಿಸಬಹುದೇ?
ಉತ್ತರ: ಗೆದ್ದವಳ ಸಹಿಯಿರುವ ಪತ್ರ ತಂದರೆ ಆಗಬಹುದು. ಫಲಿತಾಂಶದ ಹತ್ತನೇ ದಿನ ಸಂಜೆ ಐದರೊಳಗೆ ತರಬೇಕು. ಇಲ್ಲವಾದರೆ ಕೆಲಸ ಎರಡನೇ ಬಹುಮಾನದವಳಿಗೆ ಹೋಗುತ್ತದೆ. ಕಲ್ಲಿನ ಮೇಲೆ ಒಂದೇ ಹೆಸರು.'

ಬೆಂತಾಂಕೋರ್ ಯಾರೋ ತಮಾಷೆ ಮಾಡುತ್ತಿದ್ದಾರೆಂದುಕೊಂಡು ತಮಾಷೆಗೂ ನಿಯಮದ ಪ್ರಕಾರವೇ ಉತ್ತರ ಕೊಟ್ಟಿದ್ದರು. ಬೇರೆ ಯಾರಾದರೂ ಆಗಿದ್ದರೆ ಆ ನಾಲ್ಕು ಪ್ರಶ್ನೆಗಳನ್ನು ಹರಿದು ಬುಟ್ಟಿಗೆ ಹಾಕುತ್ತಿದ್ದರು. ನಮ್ಮ ಮೇಷ್ಟ್ರಿಗೆ ಹಾಗೆ ಮಾಡಲು ಬರುವುದಿಲ್ಲ. ಬಂದ ಪ್ರಶ್ನೆಗೆ ಉತ್ತರ ಕೊಡಲೇಬೇಕು, ಕೊಟ್ಟದ್ದು ನಿಯಮವಾಗಲೇಬೇಕು. ಹೀಗೆ ಒಬ್ಬ ಸಭ್ಯ ಮನುಷ್ಯ ತನ್ನದೇ ಕೈಯಿಂದ, ಮೊಹರು ಒತ್ತಿ, ಆ ಬಾಗಿಲು ತೆಗೆದುಬಿಟ್ಟಿದ್ದ.

"ಏನೇ, ಮುಖ ಬಿಳುಚಿಕೊಂಡಿದೆ?" ಎಂದಳು ಚಿಕ್ಕಮ್ಮ.

"ಏನಿಲ್ಲ ಚಿಕ್ಕಮ್ಮ. ಸ್ಪರ್ಧಿಗಳು ಜಾಸ್ತಿ ಆಗ್ತಿದ್ದಾರೆ."

"ಆಗ್ಲಿ ಬಿಡು. ನಿನ್ನ ತಲೆ ಯಾರಿಗಿದೆ?"

ಅವಳು ಹೆದರಿದಳು, ನಿಜ. ಆದರೆ ಕೈಬಿಡಲಿಲ್ಲ. ಇರಿಗಾರಾಯ್ ಕಚೇರಿಯಿಂದ ಬಂದು ದಿನಾ ಮೇಜಿಗೆ ಕೂತಳು. ಭಾನುವಾರಗಳೂ ಹೋದವು. ತೊಟ್ಟಿಗಳನ್ನೆಲ್ಲ ತುಂಬಿಸಿ, ಮೆಟ್ಟಿಲು ಮಾಡಿ, ಮಕ್ಕಳು ಕೂತು ಓದುವ ಜಾಗ ಮಾಡಿದಳು. ಮೂರನೆಯದನ್ನೂ ಮುಚ್ಚಿದಳು. ಆ ಗೆರೆ ಎಳೆಯುವಾಗ ಕೈ ಒಮ್ಮೆ ತಡೆಯಿತು. ಎಳೆದಳು. ಆಗಸ್ಟ್ ಹತ್ತರಂದು ಕೊಟ್ಟು ಬಂದಳು. ಹದಿನಾಲ್ಕರಂದು ಚಿಕ್ಕಮ್ಮ ಕೇಕು ಮಾಡಿ, ಬತ್ತಿ ಎಣಿಸಲಾರದೆ ಒಂದೇ ಒಂದನ್ನು ಹಚ್ಚಿದಳು.

*

ಫಲಿತಾಂಶ ಹೇಳಿದ್ದು ಸೆಪ್ಟೆಂಬರಿನ ಒಂದು ಶನಿವಾರ ಬೆಳಿಗ್ಗೆ, ಪುವೆರ್ತೋ ಸೌಸೆಸ್‌ನ ಪುರಸಭೆಯ ಸಭಾಂಗಣದಲ್ಲಿ. ನಕ್ಷೆಗಳನ್ನೆಲ್ಲ ಗೋಡೆಗೆ ಹಾಕಿದ್ದರು. ಬೆಂತಾಂಕೋರ್ ಬೆವರೊರೆಸಿಕೊಳ್ಳುತ್ತ ಓಡಾಡುತ್ತಿದ್ದರು. ಇವಳ ಹತ್ತಿರ ಬಂದಾಗ ಮೆಲ್ಲಗೆ ಹೇಳಿದರು.

"ಇಪ್ಪತ್ತೆರಡಕ್ಕೆ ರಸೀದಿ ಕೊಟ್ಟಿದ್ದೀನಿ ಕಣೇ. ಗೋಡೆ ಮೇಲೆ ಇಪ್ಪತ್ಮೂರಿವೆ. ಮೂರು ಸಲ ಎಣಿಸಿದೆ."

ಯಾವುದು ಇಪ್ಪತ್ತಮೂರನೆಯದೆಂದು ಯಾರೂ ತೋರಿಸಬೇಕಾಗಿರಲಿಲ್ಲ. ಜನರೆಲ್ಲ ಅದರ ಮುಂದೆಯೇ ನಿಂತಿದ್ದರು. ಅದನ್ನು ಬರೆದವಳು ತೊಟ್ಟಿಗಳನ್ನು ಮುಚ್ಚಿರಲಿಲ್ಲ. ಅವುಗಳಲ್ಲಿ ಒಂದು ಗೇಣು ನೀರು ನಿಲ್ಲಿಸಿ, ಪುಸ್ತಕಗಳನ್ನು ಸುತ್ತ ಗೋಡೆಗೆ ಏರಿಸಿ, ಕಿಟಕಿಯ ಬೆಳಕು ನೀರಿಗೆ ಬಿದ್ದು ಮಾಡಿನ ಕೆಳಗೆಲ್ಲ ಆಡುವಂತೆ ಮಾಡಿದ್ದಳು. ಓದುವವರು ಆ ಬೆಳಕಿನ ಕೆಳಗೆ ಕೂರುತ್ತಾರೆ. ಗ್ರಿಸೆಲ್ ನೋಡಿದಳು. ಹೊಟ್ಟೆಯಲ್ಲಿ ಕಿಚ್ಚು ಬಿದ್ದ ಹಾಗಾಯಿತು. ತನ್ನದಕ್ಕಿಂತ ಇದು ಎಷ್ಟೋ ಮೇಲು. ತನಗೆ ತಾನೇ ಸುಳ್ಳು ಹೇಳಿಕೊಳ್ಳಲು ಅವಳ ಕಣ್ಣು ಬಿಡಲಿಲ್ಲ.

ನೋಟರಿ ಪಿರಿಸ್ ಮೊದಲ ಬಹುಮಾನದ ಲಕೋಟೆ ಒಡೆದಳು. ಒಳಗಿನ ಕಾಗದ ಅವಳ ಬೆರಳಿಗೆ ಅಂಟಿಕೊಂಡಿತು. ಬಿಡಿಸಿ ಓದಿದಳು. "ಎಲಿದಾ ಕಮೇಹೋ."

ಚಪ್ಪಾಳೆ. ಯಾರೂ ಏಳಲಿಲ್ಲ. ಇನ್ನೊಮ್ಮೆ ಕರೆದಳು. ಚಪ್ಪಾಳೆ ನಿಂತಿತು. ಮೂರನೇ ಸಲ ಕರೆದಾಗ ಸಭಾಂಗಣದ ಹಿಂದಿನ ಸಾಲಿನಲ್ಲಿ ಒಂದು ಕುರ್ಚಿ ಸರಿದ ಸದ್ದಾಯಿತು. ಎಲ್ಲರೂ ತಿರುಗಿದರು. ಕುರ್ಚಿ ಖಾಲಿ. ಅದರ ಕೆಳಗೆ ನೆಲ ಒದ್ದೆಯಾಗಿತ್ತು.

ಎರಡನೇ ಬಹುಮಾನದ ಲಕೋಟೆಯಲ್ಲಿ ಗ್ರಿಸೆಲ್ ತೆಚೇರಾ ಎಂದಿತ್ತು. ಅವಳು ಎದ್ದು ನಿಂತಳು. ಜನ ಚಪ್ಪಾಳೆ ತಟ್ಟಿದರು. ಎರಡನೆಯವರಿಗೆ ತಟ್ಟುವಷ್ಟೇ ತಟ್ಟಿದರು.

"ಹತ್ತು ದಿನ," ಎಂದರು ಬೆಂತಾಂಕೋರ್, ಹೊರಗೆ ಚೌಕದಲ್ಲಿ ಸಿಕ್ಕಾಗ. ಮುಖದಲ್ಲಿ ರಕ್ತವಿರಲಿಲ್ಲ. "ಅವಳು ಬರ್ಬೇಕು, ಇಲ್ಲಾ ಪತ್ರ ಬರ್ಬೇಕು. ಎರಡೂ ಬರದೇ ಹೋದ್ರೆ ಕೆಲಸ ನಿಂದು. ಆ ನಿಯಮಾನ ನಾನೇ ಬರ್ದಿದ್ದೀನಲ್ಲ, ಎಂಥ ಪಾಪಿ ನಾನು."

ಆ ಹತ್ತು ದಿನ ಗ್ರಿಸೆಲ್ ಹೇಗೆ ಕಳೆದಳೆಂದು ಹೇಳುವುದು ಬೇಡ. ಒಂಬತ್ತನೇ ದಿನ ಮಧ್ಯಾಹ್ನ ಕಚೇರಿಗೆ ರಜೆ ಹೇಳಿ ಒಗೆಯುವ ಮನೆಗೆ ಹೋದಳು. ಯಾಕೆ ಹೋದಳೆಂದು ಕೇಳಿದ್ದರೆ, ಪತ್ರ ಬಂದಿಲ್ಲ ಎಂದು ಕಣ್ಣಾರೆ ನೋಡಿಕೊಳ್ಳಲು ಎಂದು ಹೇಳುತ್ತಿದ್ದಳು.

ಮೂರನೇ ತೊಟ್ಟಿಯ ಅಂಚಿನ ಮೇಲೆ ಟ್ರೇಸಿಂಗ್ ಕಾಗದವಿತ್ತು, ಹಾರದಂತೆ ಒಂದು ಸಾಬೂನಿನ ತುಂಡು ಇಟ್ಟಿತ್ತು. ಅಕ್ಷರ ಮುತ್ತಿನಂತಿದ್ದವು.

'ಗ್ರಿಸೆಲ್, ನನ್ನ ಪರವಾಗಿ ನೀನು ನಿಂತು ಕಟ್ಟಿಸು. ಕಲ್ಲಿನ ಮೇಲೆ ನನ್ನ ಹೆಸರು ಹಾಕಿಸು. ನಿನ್ನ ನಕ್ಷೆ ನೋಡಿದೆ, ಮೆಟ್ಟಿಲು ಚೆನ್ನಾಗಿದೆ. ನಿನ್ನ ಶಾಲೆಯೂ ಗೊತ್ತು, ಬಸ್ ನಿಲ್ದಾಣವೂ ಗೊತ್ತು. ಕೇಳಬಾರದ್ದನ್ನು ಕೇಳುತ್ತಿದ್ದೇನೆಂದು ಗೊತ್ತಿದ್ದೇ ಕೇಳುತ್ತಿದ್ದೇನೆ. ಎಲಿದಾ ಕಮೇಹೋ.'

ಎಂಟು ವರ್ಷದಲ್ಲಿ ಅವಳ ಶಾಲೆಯನ್ನು ಅವಳ ಶಾಲೆ ಎಂದವಳು ಎಲಿದಾ ಒಬ್ಬಳೇ. ಗ್ರಿಸೆಲ್ ತೊಟ್ಟಿಯ ಪಕ್ಕ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆಮೇಲೆ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಯೋಚನೆ. ಕೊಟ್ಟರೆ ಮತ್ತೊಬ್ಬರ ಹೆಸರಿಗೆ ಮತ್ತೊಂದು ಕಟ್ಟಡ, ಮತ್ತು ಮೂವತ್ತೈದು ಮುಗಿದಿದೆ. ಕೊಡದಿದ್ದರೆ ಆ ಕಲ್ಲಿನ ಮೇಲೆ ತೆಚೇರಾ. ಸತ್ತವಳಿಗೆ ಹೆಸರೇಕೆ? ಅವಳಿಗೆ ಹಸಿವೆಯೇ, ಬಾಡಿಗೆಯೇ, ಮುದುಕಿಯಾಗುವ ಭಯವೇ?

ಹತ್ತನೇ ದಿನ ಸಂಜೆ ಐದಕ್ಕೆ ಹತ್ತು ನಿಮಿಷವಿರುವಾಗ ಫೋನ್ ಬಂತು.

"ಕೇಳಲೇಬೇಕಾದ್ದು ನನ್ನ ಕರ್ತವ್ಯ," ಎಂದರು ಬೆಂತಾಂಕೋರ್. "ಬಹುಮಾನ ಬಂದವರನ್ನೆಲ್ಲ ಕೇಳ್ತಿದ್ದೀನಿ. ಕಮೇಹೋ ಕಡೆಯಿಂದ ನಿನಗೇನಾದ್ರೂ ಪತ್ರ ಬಂದಿದ್ಯಾ?"

ಪತ್ರ ಅವಳ ಮುಂದೆ ಮೇಜಿನ ಮೇಲೆ ಬಿಚ್ಚಿಕೊಂಡಿತ್ತು. ಇನ್ನೂ ಒದ್ದೆಯಿತ್ತು.

"ಇಲ್ಲ ಮೇಷ್ಟ್ರೇ."

"ಸರಿ ಹಾಗಾದ್ರೆ." ಅವರ ಉಸಿರು ಸಡಿಲವಾದದ್ದು ಇವಳಿಗೂ ಕೇಳಿಸಿತು. "ಇನ್ನು ಹತ್ತು ನಿಮಿಷ. ನಾಳೆ ಬಾ, ಸಹಿ ಹಾಕು."

ನಾನು ಅವಳನ್ನು ಬೈಯಲಾರೆ. ಎಂಟು ವರ್ಷ ಮೂಲೆಯ ಮೇಜಿನಲ್ಲಿ ಕೂತವರು ಬೇಕಾದರೆ ಬೈಯಲಿ. ಅವಳು ಪತ್ರವನ್ನು ಒಲೆಗೆ ಹಿಡಿದಳು, ಒದ್ದೆ ಕಾಗದ ಹೊತ್ತಲಿಲ್ಲ. ಚೂರುಚೂರು ಮಾಡಿ ಮಾಟೆಯ ಚರಟದ ಜೊತೆ ಕಸಕ್ಕೆ ಸುರಿದಳು. ಆಮೇಲೆ ಚಿಕ್ಕಮ್ಮನನ್ನು ತಬ್ಬಿಕೊಂಡು "ನಂದೇ, ಚಿಕ್ಕಮ್ಮ, ನಂದೇ" ಎಂದು ಕುಣಿದಳು. ಆ ಸಂತೋಷ ಸುಳ್ಳಾಗಿರಲಿಲ್ಲ.

*

ಮರುದಿನ ಹನ್ನೊಂದು ಗಂಟೆಗೆ ಪುರಸಭೆಯಲ್ಲಿ ಒಪ್ಪಂದ. ಮೇಯರ್, ಬೆಂತಾಂಕೋರ್, ನೋಟರಿ ಪಿರಿಸ್. ಚಿಕ್ಕಮ್ಮ ತಾನೇ ಹೊಲಿದ ನೀಲಿ ಕೋಟು ಹಾಕಿಕೊಂಡು ಹಿಂದೆ ಕೂತಿದ್ದಳು. ನೋಟರಿ ಗುರುತಿನ ಚೀಟಿ ಕೇಳಿದಳು. ಗ್ರಿಸೆಲ್ ಕೊಟ್ಟಳು. ನೋಟರಿ ಅದನ್ನು ನೋಡಿ ಕಾಗದದ ಮೇಲೆ ಬರೆದುಕೊಳ್ಳುತ್ತ ಜೋರಾಗಿ ಓದಿದಳು.

"ಎಲಿದಾ ಕಮೇಹೋ. ಇಪ್ಪತ್ತೊಂಬತ್ತು ವರ್ಷ."

"ಅಲ್ಲ, ಸೆನ್ಯೋರಾ. ಗ್ರಿಸೆಲ್ ತೆಚೇರಾ."

ನೋಟರಿ ಕನ್ನಡಕದ ಮೇಲಿಂದ ನೋಡಿ, ಚೀಟಿಯನ್ನು ಇವಳ ಕಡೆ ತಿರುಗಿಸಿದಳು. ಫೋಟೋ ಇವಳದೇ. ಎರಡು ವರ್ಷದ ಹಿಂದೆ ಕೂದಲು ಕತ್ತರಿಸಿಕೊಂಡಾಗ ತೆಗೆಸಿದ್ದು. ಕೆಳಗೆ ಎಲಿದಾ ಕಮೇಹೋ ಎಂದು ಅಚ್ಚಾಗಿತ್ತು.

"ಗಾಬರಿ ಆಗಿದ್ದಾಳೆ, ಪಾಪ," ಎಂದು ಮೇಯರ್ ನಕ್ಕರು. "ಮೊದಲನೇ ಕೆಲಸ ತಾನೇ?"

ಅವಳು ಬೆಂತಾಂಕೋರ್ ಕಡೆ ತಿರುಗಿದಳು. "ಮೇಷ್ಟ್ರೇ, ನೀವಾದ್ರೂ ಹೇಳಿ. ಎರಡನೇ ಬಹುಮಾನ. ನನ್ನ ಲಕೋಟೆ."

"ಎರಡನೆಯದು ಈ ಸಲ ಯಾರಿಗೂ ಕೊಡ್ಲಿಲ್ಲವಲ್ಲೇ," ಎಂದರು ಮೇಷ್ಟ್ರು. ಅವರ ಮುಖದಲ್ಲಿ ಫಲಿತಾಂಶದ ದಿನದ ಭಯ ಒಂದಿಷ್ಟೂ ಇರಲಿಲ್ಲ, ಬರೀ ಹೆಮ್ಮೆಯಿತ್ತು. "ಗೆದ್ದಿದ್ದೀಯ, ಎಲಿದಾ. ಆ ನೀರಿನ ಬೆಳಕು! ಐದು ವರ್ಷ ಪಾಠ ಹೇಳಿದ್ದಕ್ಕೂ ಸಾರ್ಥಕ ಆಯ್ತು."

ಗ್ರಿಸೆಲ್ ಹಿಂದೆ ನೋಡಿದಳು. ಚಿಕ್ಕಮ್ಮ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. "ಸಹಿ ಹಾಕೇ ಎಲಿದಾ, ದೊಡ್ಡೋರನ್ನ ಕಾಯಿಸ್ಬೇಡ. ಮನೇಲಿ ಆಡೋ ಹಾಳು ಮೊಂಡಾಟನೆಲ್ಲ ಇಲ್ಲೂ ತೋರಿಸ್ತೀಯಲ್ಲ." ಅದೇ ಸೂಜಿ ನಾಲಿಗೆ, ಅದೇ ಅಕ್ಕರೆ. ಹೆಸರು ಮಾತ್ರ ಬೇರೆ.

ಪೆನ್ನು ಹಿಡಿದ ಕೈ ತಾನೇ ಬರೆಯಿತು. ಅಕ್ಷರ ಮುತ್ತಿನಂತಿದ್ದವು. ನೋಟರಿ ಚೀಟಿಯ ಜೊತೆ ಹೋಲಿಸಿ ನೋಡಿ, "ಸರಿಯಾಗಿದೆ," ಎಂದು ಮೊಹರು ಒತ್ತಿದಳು.

ಅವಳು ನೇರ ಮೊಂತೆವಿದೆಯೋಗೆ, ಇರಿಗಾರಾಯ್ ಕಚೇರಿಗೆ ಓಡಿದಳು. ಮೂಲೆಯ ಮೇಜು ಅಲ್ಲೇ ಇತ್ತು. "ಬಾ ಎಲಿದಾ, ರಾಜೀನಾಮೆ ತಂದ್ಯಾ? ಇಷ್ಟು ಬೇಗ ದೊಡ್ಡವಳಾಗಿಬಿಟ್ಟೆ," ಎಂದ ದಾನಿಲೋ. ಅವಳು ಉತ್ತರ ಕೊಡದೆ ಕಪಾಟುಗಳನ್ನು ತೆಗೆದಳು. ಒಂದು ಕಾಗದ ಸಾಕು. ಗ್ರಿಸೆಲ್ ತೆಚೇರಾ ಎಂಬವಳು ಇಲ್ಲಿ ಕೂತು ಇದನ್ನು ಬರೆದಳು ಎಂದು ಹೇಳುವ ಒಂದೇ ಒಂದು ಹಾಳೆ. ಶಾಲೆಯ ನಕ್ಷೆ, ನಿಲ್ದಾಣದ ನಕ್ಷೆ, ಆಸ್ಪತ್ರೆಗಳ ನಕ್ಷೆ, ನೂರಾರು ಹಾಳೆ ಮೇಜಿನ ಮೇಲೆ, ನೆಲದ ಮೇಲೆ ಹರವಿದಳು. ಪ್ರತಿಯೊಂದರ ಮೂಲೆಯಲ್ಲೂ ಇರಿಗಾರಾಯ್. ಎಂಟು ವರ್ಷದಲ್ಲಿ ಅವಳು ತನ್ನ ಹೆಸರನ್ನು ಎಲ್ಲಿಯೂ ಬರೆದಿರಲಿಲ್ಲ. ಯಾರೂ ಬರೆಯಲು ಹೇಳಿರಲಿಲ್ಲ, ಅವಳೂ ಕೇಳಿರಲಿಲ್ಲ.

ಶಾಲೆಯ ನಕ್ಷೆಯನ್ನು ಎಳೆದುಕೊಂಡು, ಮೂಲೆಯಲ್ಲಿ ಖಾಲಿ ಜಾಗ ಹುಡುಕಿ, ಪೆನ್ಸಿಲ್ ಒತ್ತಿ ಹಿಡಿದು ಬರೆಯತೊಡಗಿದಳು. ಗ್ರಿಸೆಲ್ ಎನ್ನುವಷ್ಟು ಬಂತು. ಮುಂದಿನ ಹೆಸರು ಏನೆಂದು ಅವಳಿಗೆ ನೆನಪಾಗಲಿಲ್ಲ.